ಸೀರೆಯ ಲೆಕ್ಕ ಮಕ್ಕಳಿಗೂ ತಿಳಿಯಲಿ

ಕೊಳ್ಳೇಗಾಲದ ರೇಷ್ಮೆ ಸೀರೆಗೆ ದೂರದೂರಲ್ಲೂ ಹೆಸರಿದೆ. ಆದರೆ ಇಲ್ಲಿನ ಹೈಸ್ಕೂಲ್ ಮಕ್ಕಳಲ್ಲಿ ಎಷ್ಟು ಜನ ಮಗ್ಗದ ಪಕ್ಕ ನಿಂತು ನೂಲಿಗೆಷ್ಟು, ಬಣ್ಣಕ್ಕೆಷ್ಟು, ಕೂಲಿ ಎಷ್ಟು, ಸೀರೆಗೆ ಬೆಲೆ ಹೇಗೆ ಕಟ್ಟುತ್ತಾರೆ ಅಂತ ಕೇಳಿದ್ದಾರೆ?

ಇಂಥ ಕಲಿಕೆ ನಮ್ಮ ಕಡೆಗೆ ಹೊಸದಲ್ಲ. ಯಳಂದೂರು ತಾಲ್ಲೂಕಿನ ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಎಚ್. ಸುದರ್ಶನ್ 1981ರಲ್ಲಿ ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಸೋಲಿಗ ಬುಡಕಟ್ಟಿನ ಮಕ್ಕಳಿಗೆ ಓದಿನ ಜೊತೆ ಕಸುಬನ್ನೂ ಕಲಿಸಿತು. ಹನೂರು ಕಡೆಯ ಮಲೆ ಮಹದೇಶ್ವರ ಬೆಟ್ಟದಲ್ಲಿ ಲಂಟಾನ ಕಡ್ಡಿಯಿಂದ ಕುರ್ಚಿ, ಬುಟ್ಟಿ ಮಾಡುವ ಕೈಗಳಿವೆ. ಕಲಿಸುವವರಿಗೆ ಇಲ್ಲಿ ಬರವಿಲ್ಲ.

ಮಕ್ಕಳಿಗೆ ಕಸುಬು ತೋರಿಸಿ ಅಂದರೆ ಅವರನ್ನು ದುಡಿಸಿಕೊಳ್ಳಿ ಅಂತಲ್ಲ, ಆ ಗೆರೆ ದಾಟಲೇಬಾರದು. ಕೆಲಸ ತೋರಿಸಿ, ಲೆಕ್ಕ ಬಿಡಿಸಿ ಹೇಳಿ, ಅಷ್ಟು ಸಾಕು. ನೇಕಾರರೇ, ಅಂಗಡಿಯವರೇ, ಹತ್ತಿರದ ಸರ್ಕಾರಿ ಶಾಲೆಯ ಹೆಡ್‌ಮಾಸ್ಟರನ್ನು ಈ ವಾರವೇ ಒಮ್ಮೆ ಕಂಡು ಮಾತಾಡಿ.