ಬಿಡಿಸುವ ಮೊದಲು ಅಜ್ಜನಿಗೆ ತೋರಿಸಿ...

ಅನಿಮೇಶನ್ ಅಂದರೆ ನಮ್ಮ ಮಕ್ಕಳಿಗೆ ಎಲ್ಲಿಲ್ಲದ ಹುರುಪು. 2018ರಲ್ಲಿ ಕೇರಳದ ಹೈಸ್ಕೂಲುಗಳಲ್ಲಿ 'ಲಿಟಲ್ ಕೈಟ್ಸ್' ಶುರುವಾದ ಮೇಲೆ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಟುಪಿಟ್ಯೂಬ್ ತೆರೆದು ಚಿತ್ರ ಓಡಿಸಲು ಕಲಿತರು. ಆದರೆ ಮೊದಮೊದಲು ನಾನೊಂದು ತಪ್ಪು ಮಾಡುತ್ತಿದ್ದೆ. ಮಕ್ಕಳು ಕಥೆ ಹೇಳಿದ ಕೂಡಲೇ "ಹೂಂ, ಬಿಡಿಸಲು ಶುರು ಮಾಡಿ" ಅಂದುಬಿಡುತ್ತಿದ್ದೆ. ಎರಡು ದಿನ ಕಳೆದರೂ ಕಥೆಯ ಹುಡುಗ ಮನೆಯ ಗೇಟು ದಾಟಿರುತ್ತಿರಲಿಲ್ಲ! ಲೆಕ್ಕ ಹಾಕಿ ನೋಡಿ, ಸೆಕೆಂಡಿಗೆ 12 ಚೌಕಟ್ಟು ಇಟ್ಟರೂ ಒಂದು ನಿಮಿಷಕ್ಕೆ 720 ಆಯಿತು.

ಆಮೇಲೆ 'ಸ್ಟೋರಿಬೋರ್ಡರ್' ಎಂಬ ತಂತ್ರಾಂಶ ಹಾಕಿಕೊಂಡೆವು. ಉಚಿತ, ಲಿನಕ್ಸಿನಲ್ಲೂ ನಡೆಯುತ್ತದೆ. ಒಂದೊಂದು ದೃಶ್ಯಕ್ಕೆ ಒಂದೊಂದು ಚಿತ್ರ, ಅದರ ಪಕ್ಕದಲ್ಲಿ ಸಂಭಾಷಣೆ, ನಡೆಯುವ ಕೆಲಸ, ಎಷ್ಟು ಹೊತ್ತು ಎಂಬುದನ್ನು ಬರೆದಿಡಬಹುದು.

ಎಂಟನೇ ತರಗತಿಯ ಹುಡುಗನೊಬ್ಬ ಅಜ್ಜ ಸುರಂಗ ತೋಡಿದ ಕಥೆ ತಂದ. ನಮ್ಮ ಬಾಯಾರು, ಎಣ್ಮಕಜೆ ಕಡೆ ಗುಡ್ಡದ ಹೊಟ್ಟೆಗೆ ಅಡ್ಡಲಾಗಿ ಸುರಂಗ ಕೊರೆದು ನೀರು ತರುವುದು ನಿಮಗೆ ಗೊತ್ತೇ ಇದೆ. ಇವನ ಮೊದಲ ಚಿತ್ರದಲ್ಲಿ ಅಜ್ಜ ಪಿಕ್ಕಾಸು ಹಿಡಿದು ನಿಂತಿದ್ದಾರೆ. ಎರಡನೆಯದರಲ್ಲಿ ನೀರು ಸುರಿಯುತ್ತಿದೆ. "ನಡುವೆ ಏನಾಯಿತು ಮಗಾ?" ಅಂದೆ. "ಗೊತ್ತಿಲ್ಲ ಟೀಚರೇ..."

ಮನೆಗೆ ಹೋಗಿ ಕೇಳಿಕೊಂಡು ಬಂದ. ಒಳಗೆ ಗಾಳಿ ಇದೆಯೋ ಇಲ್ಲವೋ ಎಂದು ತಿಳಿಯಲು ಮೊಂಬತ್ತಿ ಹಚ್ಚುತ್ತಿದ್ದರಂತೆ. ಅದು ಮಂಕಾದರೆ ಕೆಲಸ ಬಿಟ್ಟು ಹೊರಗೆ ಓಡಬೇಕು. ಮುರಕಲ್ಲಿನ ಮಣ್ಣನ್ನು ಬುಟ್ಟಿಯಲ್ಲಿ ಹೊರಬೇಕು. ನೀರು ಸಿಕ್ಕಿದ ಮೇಲೆ ಅಡಿಕೆ ದಂಬೆಯಲ್ಲಿ ಹರಿಸಿ ಕೆರೆಗೆ ಬಿಡಬೇಕು. ಎರಡು ಚಿತ್ರ ಒಂಬತ್ತಾಯಿತು!

ಅದನ್ನು ಪಿಡಿಎಫ್ ಮಾಡಿ, ಪ್ರಿಂಟ್ ತೆಗೆದು ಅಜ್ಜನಿಗೆ ತೋರಿಸಿದೆವು. ಅಜ್ಜ ಕನ್ನಡಕ ಏರಿಸಿ ನೋಡಿ ನಕ್ಕರು. "ಅಲ್ಲ ಟೀಚರೇ, ಒಂದು ಕೈಯಲ್ಲಿ ಮೊಂಬತ್ತಿ ಹಿಡಿದರೆ ಪಿಕ್ಕಾಸು ಎತ್ತುವುದು ಹೇಗೆ? ಗೋಡೆಯಲ್ಲಿ ಸಣ್ಣ ಗೂಡು ಕೊರೆದು ಅದರಲ್ಲಿ ಇಡುವುದು." ಆ ದೃಶ್ಯ 8 ಸೆಕೆಂಡಿನದ್ದು. ಅನಿಮೇಶನ್ ಆಗಿದ್ದರೆ 96 ಚೌಕಟ್ಟು ತಿದ್ದಬೇಕಿತ್ತು. ನಾವು ತಿದ್ದಿದ್ದು ಒಂದೇ ಚಿತ್ರ.

ನಾವು ಕಲಿತದ್ದು ಇಷ್ಟು:

1. ಚಿತ್ರ ಚಂದ ಆಗಬೇಕೆಂದಿಲ್ಲ. ಕಡ್ಡಿ ಮನುಷ್ಯ ಸಾಕು. ಚಂದ ಮಾಡಿದರೆ ಅಳಿಸಲು ಮನಸ್ಸು ಬರುವುದಿಲ್ಲ.

2. ಸಂಭಾಷಣೆಯನ್ನು ಗಟ್ಟಿಯಾಗಿ ಓದಿಸಿ, ಗಡಿಯಾರ ನೋಡಿ ಸಮಯ ಹಾಕಿ.

3. ದೂರದ ನೋಟ, ಹತ್ತಿರದ ನೋಟ ಎರಡೂ ಇರಲಿ. ಗುಡ್ಡ ದೂರದಿಂದ, ಮೊಂಬತ್ತಿ ಹತ್ತಿರದಿಂದ.

4. ಕೊನೆಗೆ ಎಲ್ಲವನ್ನೂ ಒಮ್ಮೆ ಓಡಿಸಿ. ಮಾತಿಲ್ಲದೆ ಕಥೆ ಅರ್ಥವಾಗದಿದ್ದರೆ ನಡುವೆ ಒಂದು ಚಿತ್ರ ಬಿಟ್ಟುಹೋಗಿದೆ ಎಂದೇ ಲೆಕ್ಕ.

5. ಟುಪಿಟ್ಯೂಬ್ ತೆರೆಯುವ ಮೊದಲೇ ವಿಷಯ ಗೊತ್ತಿದ್ದವರಿಗೆ ತೋರಿಸಿ.

ಈಗ ಎಲ್ಲ ಕಡೆ ಕೊಳವೆ ಬಾವಿ. ಸುರಂಗ ತೋಡಲು ಬಲ್ಲ ಕೈಗಳಿಗೆ ವಯಸ್ಸಾಗಿದೆ. ಆ ಹುಡುಗ ಅಜ್ಜನ ಮನೆಯ ನೀರನ್ನೇ ಕುಡಿದು ಬೆಳೆದವನು, ಆದರೆ ಅದು ಬಂದ ದಾರಿ ಕೇಳಿದ್ದು ನಡುವಿನ ಆ ಖಾಲಿ ಜಾಗದಿಂದಾಗಿ. ತಂತ್ರಾಂಶ ಯಾವುದಾದರೂ ಆಗಲಿ, ಕಾಗದವೇ ಆಗಲಿ. ನಿಮ್ಮ ಶಾಲೆಯ ಹತ್ತಿರವೂ ಅಂಥ ಅಜ್ಜ, ಅಜ್ಜಿ ಇರಬಹುದು. ಮಕ್ಕಳನ್ನು ಒಮ್ಮೆ ಅವರಲ್ಲಿಗೆ ಕಳಿಸಿ ನೋಡಿ. ಏನಂತೀರಿ?