ರಾತ್ರಿಯ ಎರಡು ನಿಮಿಷ

ಹಲ್ಲುಜ್ಜುವುದು ಕನ್ನಡದ ಮನೆಗಳಲ್ಲಿ ಬೆಳಗಿನ ಕೆಲಸ. ಎದ್ದ ಕೂಡಲೇ ಹಲ್ಲುಜ್ಜಿ, ನಾಲಿಗೆ ಹೆರೆದು, ಗಂಟಲು ಕೆರೆದುಹೋಗುವಷ್ಟು ಮುಕ್ಕಳಿಸಿ, ಮುಖ ತೊಳೆದ ಮೇಲೆಯೇ ಕಾಫಿ. ಹಲ್ಲುಜ್ಜದೆ ತಿಂಡಿಗೆ ಕೈಹಾಕಿದ ಮಗುವಿಗೆ ಅಜ್ಜಿಯ ಗದರಿಕೆ ಕಟ್ಟಿಟ್ಟದ್ದು. ಈ ಕಟ್ಟುನಿಟ್ಟಿನ ಬೇರು ಇರುವುದು ಎಂಜಲಿನ ಕಲ್ಪನೆಯಲ್ಲಿ: ರಾತ್ರಿ ಕಳೆದ ಬಾಯಿ ಮೈಲಿಗೆ, ಅದನ್ನು ತೊಳೆಯದೆ ದಿನ ಹುಟ್ಟದು. ಬಾಯಿಯ ಮಡಿಗೆ ಈ ಕ್ರಮ ಸಾಕು. ಹಲ್ಲಿನ ಆಯುಷ್ಯಕ್ಕೆ ಸಾಲದು. ಹಲ್ಲಿನ ಮಟ್ಟಿಗೆ ದಿನದ ಮುಖ್ಯ ಗಳಿಗೆ ಬರುವುದು ರಾತ್ರಿ ಊಟದ ತಟ್ಟೆ ತೊಳೆದಿಟ್ಟ ಮೇಲೆ.

ಹಲ್ಲಿನ ಹೊರಕವಚವಾದ ಎನಾಮಲ್ ಮನುಷ್ಯನ ಮೈಯಲ್ಲೇ ಅತಿ ಗಟ್ಟಿಯಾದ ವಸ್ತು. ಅದರ ತೂಕದಲ್ಲಿ ನೂರಕ್ಕೆ ಸುಮಾರು 96 ಪಾಲು ಬರಿಯ ಖನಿಜ. ಆದರೂ ಮುರಿದ ಮೂಳೆ ಕೂಡುವಂತೆ ಎನಾಮಲ್ ಕೂಡದು. ಅದನ್ನು ಕಟ್ಟಿದ ಜೀವಕೋಶಗಳು ಹಲ್ಲು ವಸಡಿನಿಂದ ಹೊರಬರುವಷ್ಟರಲ್ಲಿ ನಾಶವಾಗಿರುತ್ತವೆ. ಒಮ್ಮೆ ಬಿದ್ದ ಕುಳಿ ತಾನಾಗಿ ತುಂಬುವುದಿಲ್ಲ. ಹೀಗೆ ಕುಳಿಬಿದ್ದ ಹಲ್ಲನ್ನು ಹುಳುಕು ಹಲ್ಲು ಎನ್ನುತ್ತಾರೆ, ‘ಹಲ್ಲಿಗೆ ಹುಳ ಬಿದ್ದಿದೆ’ ಎಂದು ಮರುಗುತ್ತಾರೆ. ಹುಳ ಅಲ್ಲಿಲ್ಲ, ಕೊರೆಯುವುದು ಆಮ್ಲ. ಹಲ್ಲಿಗೆ ಅಂಟಿಕೊಂಡ ಪಾಚಿಯಂಥ ಲೋಳೆಪದರದಲ್ಲಿ ಸ್ಟ್ರೆಪ್ಟೊಕಾಕಸ್ ಮ್ಯೂಟನ್ಸ್ ಮೊದಲಾದ ಬ್ಯಾಕ್ಟೀರಿಯಾಗಳು ಬೀಡುಬಿಟ್ಟಿರುತ್ತವೆ. ಸಕ್ಕರೆ ಸಿಕ್ಕಿದ ಕೆಲವೇ ನಿಮಿಷಗಳಲ್ಲಿ ಅವು ಆಮ್ಲ ಸುರಿಸತೊಡಗುತ್ತವೆ. ಪಿಎಚ್ ಮಟ್ಟ ಸುಮಾರು 5.5ಕ್ಕಿಂತ ಕೆಳಗಿಳಿದರೆ ಎನಾಮಲ್ಲಿನ ಖನಿಜ ಕರಗಲು ಮೊದಲಾಗುತ್ತದೆ.

ಇದಕ್ಕೆ ಮದ್ದು ಬಾಯಲ್ಲೇ ಇದೆ, ಅದು ಜೊಲ್ಲು. ಜೊಲ್ಲು ಆಮ್ಲವನ್ನು ತೊಳೆದು, ತಗ್ಗಿಸಿ, ತನ್ನಲ್ಲಿನ ಕ್ಯಾಲ್ಸಿಯಂ ಮತ್ತು ಫಾಸ್ಫೇಟನ್ನು ಹಲ್ಲಿಗೆ ಮರಳಿಸುತ್ತದೆ. ಈ ದುರಸ್ತಿಗೆ ಅರ್ಧ ಗಂಟೆಯೋ ಒಂದು ಗಂಟೆಯೋ ಬೇಕು. ಹಾಗಾಗಿ ಹಬ್ಬದ ಊಟದ ಜೊತೆ ಎರಡು ಹೋಳಿಗೆ ತಿಂದವರಿಗಿಂತ, ದಿನವಿಡೀ ಗುಟುಕು ಗುಟುಕಾಗಿ ಸಿಹಿ ಕಾಫಿ ಹೀರುವವರ ಹಲ್ಲಿಗೆ ಹೆಚ್ಚು ಹಾನಿ: ದುರಸ್ತಿ ಮುಗಿಯುವ ಮೊದಲೇ ಮತ್ತೊಂದು ದಾಳಿ. ನಿದ್ದೆಯಲ್ಲಿ ಜೊಲ್ಲು ಊರುವುದು ತೀರಾ ಕಡಿಮೆಯಾಗುತ್ತದೆ. ಹಲ್ಲಿನ ಸಂದಿಯಲ್ಲಿ ಅನ್ನದಗುಳೋ ಬಾಳೆಹಣ್ಣಿನ ಚೂರೋ ಉಳಿದು, ಬಾಯಿ ಒಣಗಿ, ಏಳೆಂಟು ಗಂಟೆ ಕಳೆದರೆ ಬ್ಯಾಕ್ಟೀರಿಯಾಗಳಿಗೆ ಅದೇ ಹಬ್ಬ.

ದಿನಚರಿ ಆದ್ದರಿಂದ ರಾತ್ರಿಯಿಂದಲೇ ಶುರುವಾಗಬೇಕು. ಮೊದಲು ದಂತದಾರದಿಂದ ಅಥವಾ ಸಂದಿಯ ಪುಟ್ಟ ಬ್ರಷ್ಷಿನಿಂದ ಹಲ್ಲುಗಳ ನಡುವೆ ಕೂತದ್ದನ್ನು ತೆಗೆಯುವುದು. ಮಾಮೂಲಿ ಬ್ರಷ್ಷಿನ ಎಳೆ ಅಲ್ಲಿಗೆ ತಲುಪದು. ಆಮೇಲೆ ಮೆತ್ತನೆಯ ಎಳೆಗಳ ಬ್ರಷ್ಷನ್ನು ವಸಡಿನ ಅಂಚಿಗೆ 45 ಡಿಗ್ರಿ ಓರೆಯಾಗಿ ಹಿಡಿದು, ಸಣ್ಣ ಸಣ್ಣ ಸುತ್ತುಗಳಲ್ಲಿ ಹೊರಗು, ಒಳಗು, ಅಗಿಯುವ ಮೇಲ್ಮೈ ಹೀಗೆ ಎರಡು ನಿಮಿಷ ಉಜ್ಜುವುದು. ಪಾತ್ರೆ ತಿಕ್ಕುವಂತೆ ಅಡ್ಡಡ್ಡ ತಿಕ್ಕಿದರೆ ವಸಡು ಹಿಂಜರಿದು ಹಲ್ಲಿನ ಬುಡ ಸವೆದು, ತಣ್ಣೀರು ಕುಡಿದರೂ ಜುಂ ಎನ್ನುತ್ತದೆ. ಪೇಸ್ಟಿನಲ್ಲಿ 1000ದಿಂದ 1500 ಪಿಪಿಎಂ ಫ್ಲೋರೈಡ್ ಇರಬೇಕು. ಖನಿಜ ಮರಳಿ ಕೂಡುವಾಗ ಆಮ್ಲಕ್ಕೆ ಸುಲಭವಾಗಿ ಬಗ್ಗದಂತೆ ಹಲ್ಲನ್ನು ಗಟ್ಟಿಮಾಡುವುದು ಅದರ ಕೆಲಸ. ಇಲ್ಲಿಯೇ ಹಳೆಯ ಮಡಿ ಅಡ್ಡ ಬರುತ್ತದೆ. ನೊರೆ ಉಗುಳಿದ ಮೇಲೆ ಚೊಂಬುಗಟ್ಟಲೆ ನೀರಿನಿಂದ ಮುಕ್ಕಳಿಸಿದರೆ ಫ್ಲೋರೈಡೂ ಹರಿದುಹೋಗುತ್ತದೆ. ಉಗುಳಿ ಅಷ್ಟಕ್ಕೇ ಬಿಟ್ಟು, ಬೇರೇನೂ ತಿನ್ನದೆ ಮಲಗುವುದು ಲೇಸು.

ಬೆಳಿಗ್ಗೆ ಮತ್ತೊಮ್ಮೆ ಎರಡು ನಿಮಿಷ. ದಿನಕ್ಕೆರಡು ಬಾರಿ ಎಂಬುದು ಪೇಸ್ಟ್ ಕಂಪನಿಗಳು ಹೇಳಿಕೊಟ್ಟ ಪಾಠವಲ್ಲ. ತುದಿ ಜಜ್ಜಿದ ಕಡ್ಡಿಯಿಂದ ಎರಡು ಹೊತ್ತು, ವಸಡಿಗೆ ನೋವಾಗದಂತೆ ಹಲ್ಲುಜ್ಜಬೇಕೆಂದು ಚರಕ ಸಂಹಿತೆಯಲ್ಲೇ ವಿಧಿ ಇದೆ. ನಾಲಿಗೆ ಹೆರೆಯಲು ಚಿನ್ನ, ಬೆಳ್ಳಿ, ತಾಮ್ರದ ಪಟ್ಟಿಗಳೂ ಅಲ್ಲಿವೆ. ರೂಢಿ ಉಳಿಸಿಕೊಂಡದ್ದು ಒಂದು ಹೊತ್ತನ್ನು ಮಾತ್ರ. ಬೇವಿನ ಕಡ್ಡಿ ಜಗಿದು ಉಜ್ಜಿದರೆ ಕೊಳೆ ಬಿಡುವುದು ನಿಜ, ಫ್ಲೋರೈಡಿನ ರಕ್ಷೆ ಮಾತ್ರ ಸಿಗದು. ಇದ್ದಿಲು, ಬೂದಿ, ಇಟ್ಟಿಗೆ ಪುಡಿ ಹಲ್ಲನ್ನು ಬೆಳ್ಳಗೆ ತೋರಿಸುವುದು ಎನಾಮಲ್ಲನ್ನು ಸವೆಸಿಯೇ. ಹೊಗೆಸೊಪ್ಪನ್ನು ಸುಟ್ಟು ಮಾಡಿದ ಮಿಶ್ರಿ ಎಲ್ಲಕ್ಕಿಂತ ಕೆಟ್ಟದ್ದು. ಹಲ್ಲುಪುಡಿ, ಪೇಸ್ಟುಗಳಲ್ಲಿ ತಂಬಾಕು ಬೆರೆಸುವುದನ್ನು ಭಾರತ 1992ರಲ್ಲೇ ನಿಷೇಧಿಸಿದೆ. ತಂಬಾಕಿಲ್ಲದ ಎಲೆಅಡಿಕೆಯೂ ನಿರಪಾಯವಲ್ಲ: ಅಡಿಕೆ ಸ್ವತಃ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ ವರ್ಗೀಕರಿಸಿದೆ.

ಹಗಲಿನ ಪಾಲನೆ ಸುಲಭ. ಸಿಹಿಯನ್ನು ಊಟದ ಜೊತೆಗೇ ಮುಗಿಸುವುದು, ತಿಂದ ಮೇಲೆ ನೀರಿನಿಂದ ಬಾಯಿ ಮುಕ್ಕಳಿಸುವುದು. ನಿಂಬೆ ಪಾನಕ, ಹುಳಿ ಹಣ್ಣಿನ ರಸ ಕುಡಿದ ಕೂಡಲೇ ಬ್ರಷ್ ಹಿಡಿಯಬಾರದು. ಹುಳಿಗೆ ಮೆತ್ತಗಾದ ಮೇಲ್ಪದರ ಅರ್ಧ ಗಂಟೆಯಲ್ಲಿ ಚೇತರಿಸಿಕೊಳ್ಳಲಿ. ಬ್ರಷ್ಷನ್ನು ಮೂರು ನಾಲ್ಕು ತಿಂಗಳಿಗೊಮ್ಮೆ, ಎಳೆಗಳು ಬಾಗಿದರೆ ಇನ್ನೂ ಬೇಗ, ಬದಲಿಸಬೇಕು. ಉಜ್ಜುವಾಗ ರಕ್ತ ಕಂಡರೆ ಆ ಜಾಗ ಬಿಟ್ಟು ಉಜ್ಜುವುದು ವಾಡಿಕೆ. ಹಾಗೆ ಬಿಟ್ಟಲ್ಲಿ ಪಾಚಿ ಗಟ್ಟಿಯಾಗಿ ಕಿಟ್ಟಗಟ್ಟುತ್ತದೆ. ಕಿಟ್ಟ ಬ್ರಷ್ಷಿಗೆ ಬಗ್ಗದು, ದಂತವೈದ್ಯರೇ ತೆಗೆಯಬೇಕು.

ಮಕ್ಕಳ ಲೆಕ್ಕ ಬೇರೆ. ಮೊದಲ ಹಾಲುಹಲ್ಲು ಮೂಡಿದಾಗಿನಿಂದ ಮೂರು ವರ್ಷದವರೆಗೆ ಅಕ್ಕಿಕಾಳಿನಷ್ಟು ಪೇಸ್ಟ್, ಆರರವರೆಗೆ ಬಟಾಣಿಯಷ್ಟು, ನುಂಗದಂತೆ ಕಾಯಬೇಕು. ಅತಿಯಾದ ಫ್ಲೋರೈಡ್ ಏನು ಮಾಡುತ್ತದೆಂದು ಕೋಲಾರ, ಪಾವಗಡದ ಕಡೆಯವರಿಗೆ ಗೊತ್ತು. ಅಲ್ಲಿನ ಆಳದ ಕೊಳವೆಬಾವಿಗಳ ಎಷ್ಟೋ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ದಾಟಿರುತ್ತದೆ. ಹಲ್ಲು ವಸಡಿನೊಳಗೆ ಕಟ್ಟಿಕೊಳ್ಳುವ ವಯಸ್ಸಿನಲ್ಲಿ ಅದನ್ನು ಕುಡಿದವರ ಹಲ್ಲು ಕಂದುಗಟ್ಟುತ್ತದೆ. ಅಂಥ ಊರುಗಳಲ್ಲಿ ಮಗುವಿನ ಪೇಸ್ಟನ್ನು ದಂತವೈದ್ಯರನ್ನು ಕೇಳಿ ಆರಿಸುವುದು ಒಳ್ಳೆಯದು.

ಸುಮಾರು ಆರನೇ ವರ್ಷಕ್ಕೆ ಬಾಯಿಯ ಹಿಂದುಗಡೆ ಮೊದಲ ಕಾಯಂ ದವಡೆಹಲ್ಲು ಸದ್ದಿಲ್ಲದೆ ಏಳುತ್ತದೆ. ಯಾವ ಹಾಲುಹಲ್ಲೂ ಬೀಳದೆ ಬರುವುದರಿಂದ ಅದನ್ನೂ ಹಾಲುಹಲ್ಲೆಂದೇ ಬಗೆದು, ಹೇಗೂ ಬಿದ್ದುಹೋಗುತ್ತದಲ್ಲ ಎಂದು ಬಿಡುವವರು ಬಹಳ. ಆ ವಯಸ್ಸಿನ ಕೈಗೆ ಹಿಂದಿನ ಹಲ್ಲು ಎಟುಕದು. ಏಳೆಂಟು ವರ್ಷದವರೆಗೂ ರಾತ್ರಿಯ ಆ ಎರಡು ನಿಮಿಷ ಬ್ರಷ್ ಹಿರಿಯರ ಕೈಯಲ್ಲಿರಬೇಕು. ಮಗು ಮುಂದೆ ಅಜ್ಜಿಯೋ ಅಜ್ಜನೋ ಆಗಿ ಚಕ್ಕುಲಿ ಕಡಿಯಬೇಕಾದದ್ದು ಅದೇ ಹಲ್ಲಿನಿಂದ.