ಕೋಟೆ ತಾಲೂಕಿನ ಶಾಲೆ, ಎರಡು ನಿಮಿಷದ ವಿಡಿಯೋ

ಮೈಸೂರಿನಿಂದ ಮಾನಂದವಾಡಿ ರಸ್ತೆ ಹಿಡಿದು ಸುಮಾರು 50 ಕಿ.ಮೀ. ಹೋದ್ರೆ ಹೆಗ್ಗಡದೇವನಕೋಟೆ. ವೀಕೆಂಡ್‌ನಲ್ಲಿ ಈ ದಾರಿ ಹಿಡಿಯೋ ಬೆಂಗಳೂರಿನ ಕಾರುಗಳಿಗೆಲ್ಲ ಕಬಿನಿ ಸಫಾರಿಯದ್ದೇ ಧ್ಯಾನ. ನಾನು ಹೋಗಿದ್ದು ನವೆಂಬರ್‌ನ ಒಂದು ಗುರುವಾರ, ಅಲ್ಲಿನ ಸರ್ಕಾರಿ ಶಾಲೆಯಲ್ಲಿ ಟೀಚರ್ ಆಗಿರೋ ನಮ್ಮ ದೊಡ್ಡಮ್ಮನ ಮಗಳನ್ನ ನೋಡೋಕೆ. ದಾರಿಯುದ್ದಕ್ಕೂ ಹೊಲಗಳಲ್ಲಿ ಹತ್ತಿ ಬಿಡಿಸುತ್ತಿದ್ದರು.

ಈ ತಾಲೂಕಿಗೊಂದು ಹೆಗ್ಗಳಿಕೆ ಇದೆ. ಆಂಧ್ರದ ರಿಷಿವ್ಯಾಲಿಯ ಮಾದರಿಯಿಂದ ಪ್ರೇರಣೆ ಪಡೆದು, ಯುನಿಸೆಫ್ ನೆರವಿನಲ್ಲಿ 1995ರಲ್ಲಿ ‘ನಲಿ-ಕಲಿ’ ಶುರುವಾಗಿದ್ದು ಇಲ್ಲೇ. ಆಮೇಲೆ ರಾಜ್ಯದ ತುಂಬ ಹರಡಿತು. ನಿಮ್ಮಲ್ಲಿ ಕೆಲವರಿಗೆ ತಲೆ ಮೇಲೆ ತೂಗುತ್ತಿದ್ದ ಚಪ್ಪರ, ಗೋಡೆ ಮೇಲಿನ ಕಲಿಕಾ ಏಣಿ ನೆನಪಿರಬಹುದು. ಒಂದರಿಂದ ಮೂರನೇ ತರಗತಿ ಮಕ್ಕಳು ಒಂದೇ ಕೋಣೆಯಲ್ಲಿ ಗುಂಪುಗುಂಪಾಗಿ ಕೂರುತ್ತಾರೆ. ಯಾರು ಯಾವ ಮೆಟ್ಟಿಲಲ್ಲಿದ್ದಾರೋ ಅಲ್ಲಿಂದ ಮುಂದಕ್ಕೆ. ಮಧ್ಯೆ ಶಾಲೆ ಬಿಟ್ಟು ಬಂದ ಮಗುವೂ ಬಿಟ್ಟ ಮೆಟ್ಟಿಲಿಂದಲೇ ಹತ್ತಬಹುದು.

ಇಲ್ಲಿ ಮಕ್ಕಳು ಶಾಲೆ ಬಿಡೋದು ಕಾಫಿ ಕೊಯ್ಲಿಗೆ. ಹಾಡಿಗಳಿಂದ ಅಪ್ಪ ಅಮ್ಮ ಕೊಡಗಿನ ತೋಟಗಳಿಗೆ ಹೊರಟರೆ ಮಕ್ಕಳೂ ಜೊತೆಗೆ. ತೋಟದ ಲೈನ್ ಮನೆಯಲ್ಲಿ ಏಣಿಯೂ ಇಲ್ಲ, ಕಾರ್ಡೂ ಇಲ್ಲ.

ಅಕ್ಕ ಇದಕ್ಕೆ ತನಗೆ ತೋಚಿದ ದಾರಿಯೊಂದನ್ನ ಹುಡುಕಿದ್ದಾಳೆ. ಪ್ರತಿ ಶುಕ್ರವಾರ ಐದನೇ ತರಗತಿ ಮಕ್ಕಳು ಅವಳ ಮೊಬೈಲ್‌ನಲ್ಲಿ ಚಿಕ್ಕವರ ಕಲಿಕೆಯನ್ನ ವಿಡಿಯೋ ಮಾಡ್ತಾರೆ. ಅದು ಹೋಗೋದು ಆ ಮಗುವಿನ ಮನೆಯವರಿಗೆ ಮಾತ್ರ.

ಮರುದಿನ ನಾನೂ ಕೂತು ನೋಡಿದೆ. ಸ್ಟ್ಯಾಂಡ್ ಅಂದ್ರೆ ಎರಡು ಇಟ್ಟಿಗೆ, ಒಂದು ರಬ್ಬರ್ ಬ್ಯಾಂಡ್. ಗದ್ದಲ ಬೇಡ ಅಂತ ಫ್ಯಾನ್ ಆಫ್. ಎರಡನೇ ತರಗತಿ ಹುಡುಗಿ 32ರಲ್ಲಿ 15 ಕಳೀಬೇಕು. ಮುಂದೆ ಹತ್ತರ ಮೂರು ಕಡ್ಡಿ ಕಟ್ಟು, ಬಿಡಿ ಕಡ್ಡಿ ಎರಡು. ಒಂದು ಕಟ್ಟು ಬಿಚ್ಚಿದಳು. ಎಣಿಸಿ “ಹದಿನಾರು” ಅಂದಳು. ಸುಮ್ಮನಾದಳು. ಮತ್ತೆ ಒಂದೊಂದೇ ಕಡ್ಡಿ ಸರಿಸಿ ಎಣಿಸಿದಳು. “ಹದಿನೇಳು!”

“ಮಿಸ್, ಮಧ್ಯದ್ದು ಕಟ್ ಮಾಡ್ಲಾ?” ಕ್ಯಾಮೆರಾ ಹುಡುಗನ ಪ್ರಶ್ನೆ.

“ಬೇಡ ಕಣೋ. ಅವಳು ಕಲಿತಿದ್ದು ಅಲ್ಲೇ ಅಲ್ವಾ?”

ಆಫೀಸಲ್ಲಿ ನಾವು ಮಾಡೋ ಪ್ರೆಸೆಂಟೇಶನ್‌ಗಳಲ್ಲಿ ಮೊದಲು ಮಾಯವಾಗೋದು ಇಂಥ ಜಾಗವೇ.

ಅವಳಪ್ಪ ಆಗಲೇ ಕೊಡಗಿಗೆ ಹೋಗಿದ್ದ. ಭಾನುವಾರ ಬಂದು ಹೆಂಡತಿ, ಮಗಳನ್ನ ಕರ್ಕೊಂಡು ಹೋಗೋದು ಅಂತ ಮಾತಾಗಿತ್ತು. ರಾತ್ರಿ ಒಂಬತ್ತಕ್ಕೆ ಅಕ್ಕನ ಫೋನಿಗೆ ಅವನ ವಾಯ್ಸ್ ಮೆಸೇಜ್: “ಮೇಡಂ, ಮೂರು ಸಲ ನೋಡ್ದೆ. ತಾನೇ ತಿದ್ಕಂಡ್ಳಲ್ಲ! ಕೊಯ್ಲು ಮುಗಿಯೋಗಂಟ ಅವ್ಳು ಅಜ್ಜಿತಾವೇ ಇರ್ಲಿ. ಮುಂದಿನ ವಾರದ್ದೂ ಕಳ್ಸಿ.”

ಎಲ್ಲರೂ ಹೀಗೆ ಬಿಟ್ಟು ಹೋಗಲ್ಲ. ಆ ವಾರವೇ ಇನ್ನಿಬ್ಬರು ಮಕ್ಕಳು ಹೊರಟರು. ಅವರು ನಿಂತ ಮೆಟ್ಟಿಲನ್ನ ಅಕ್ಕ ಪೆನ್ಸಿಲ್‌ನಲ್ಲಿ ಗುರುತು ಹಾಕಿಟ್ಟಿದ್ದಾಳೆ.

ಕಬಿನಿ ಕಡೆ ಹೋದಾಗ ದಾರಿಬದಿ ಶಾಲೆ ಮಕ್ಕಳು ಕೈ ಬೀಸಿದ್ರೆ ನೀವೂ ಬೀಸಿ. ಮೊಬೈಲ್ ಮಾತ್ರ ಜೇಬಲ್ಲೇ ಇರಲಿ. ಅವರ ವಿಡಿಯೋ ಅವರೇ ಚೆನ್ನಾಗಿ ಮಾಡ್ಕೋತಾರೆ.